‘ಯಾಂತ್ರಿಕ ತರಂಗ’ದಲ್ಲಿ ಯಂತ್ರ ಎಲ್ಲಿದೆ?

ಗೆಳೆಯರೇ,

ನಮ್ಮಕ್ಕನ ಮಗಳು ಬಳ್ಳಾರಿಯಲ್ಲಿ ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಮೊನ್ನೆ ವಿಜ್ಞಾನದ ಪಾಠ ಓದುತ್ತಾ ‘ಶಬ್ದ ಯಾಂತ್ರಿಕ ತರಂಗ’ ಅನ್ನೋ ಮಾತಿನ ಮೇಲೆ ಬೆರಳಿಟ್ಟು, “ಮಾಮಾ, ಗಂಟಲಾಗ ಮಷಿನ್ ಎಲ್ಲೈತಿ?” ಅಂದಳು.

ತಪ್ಪು ಅವಳದಲ್ಲ. ನಮಗೆ ‘ಯಾಂತ್ರಿಕ’ ಅಂದರೆ ಯಂತ್ರಕ್ಕೆ ಸೇರಿದ್ದು, ಇಲ್ಲಾ ಮನಸ್ಸಿಲ್ಲದೆ ಮಾಡಿದ್ದು. ‘ಯಾಂತ್ರಿಕವಾಗಿ ಕೈಮುಗಿದ’ ಅಂತೀವಲ್ಲ, ಹಾಗೆ. ಇಂಗ್ಲಿಷಿನ ಮೆಕ್ಯಾನಿಕಲ್ ಕೂಡ ಯಂತ್ರ ಅನ್ನೋ ಅರ್ಥದ ಗ್ರೀಕ್ ಮಾತಿನಿಂದಲೇ ಬಂದದ್ದು. ಆದರೆ ಇಲ್ಲಿ ಹೇಳಬೇಕಾದ್ದು ಬೇರೆ: ವಸ್ತುವಿನ ಕಣಗಳು ಒಂದನ್ನೊಂದು ನೂಕಿ, ಇಲ್ಲಾ ಎಳೆದು ಮುಂದೆ ದಾಟಿಸುವ ಅಲೆ. ಗಾಳಿ, ನೀರು, ಕಬ್ಬಿಣ, ಏನೋ ಒಂದು ಬೇಕೇ ಬೇಕು. ಬೆಳಕಿಗೆ ಅದರ ಹಂಗಿಲ್ಲ.

ಸಂಜೆ ಅವಳನ್ನು ರೈಲ್ವೆ ಗೇಟಿನ ಹತ್ತಿರ ಕರೆದುಕೊಂಡು ಹೋದೆ. ಅದಿರಿನ ಗೂಡ್ಸ್ ನಿಂತಿತ್ತು. ಎಂಜಿನ್ ಹಿಂದಕ್ಕೆ ಒಂದು ನೂಕು ಕೊಟ್ಟಿತು ನೋಡಿ, ಧಡ್ ಧಡ್ ಧಡ್ ಅಂತ ಸಪ್ಪಳ ಕೊನೆಯ ಡಬ್ಬಿಯವರೆಗೆ ಓಡಿತು. ನಮ್ಮೆದುರಿನ ಡಬ್ಬಿ ಸರಿದದ್ದು ಒಂದು ಗೇಣೂ ಇಲ್ಲ. ಆಮೇಲೆ ಎಂಜಿನ್ ಮುಂದಕ್ಕೆ ಎಳೆದಾಗ ಡಬ್ಬಿಗಳ ನಡುವಿನ ಸಂದು ಒಂದೊಂದಾಗಿ ಅಗಲವಾಗುತ್ತಾ ಹೋಯಿತು. “ಮೊದಲು ಒತ್ತಿಕೊಂಡ್ವು, ಈಗ ಅಳ್ಳಕ ಆದ್ವು” ಅಂದಳು ಹುಡುಗಿ.

ಸಪ್ಪಳ ಹಾಯುವಾಗ ಗಾಳಿಯ ಕಣಗಳೂ ಈ ಡಬ್ಬಿಗಳ ಹಾಗೇ ಒತ್ತಿಕೊಳ್ಳುತ್ತವೆ, ಅಳ್ಳಕ ಆಗುತ್ತವೆ. ಪುಸ್ತಕದಲ್ಲಿ ಇವೆರಡಕ್ಕೆ ‘ಸಂಪೀಡನ’, ‘ವಿರಳನ’. ನನಗೇನೋ ‘ಒತ್ತು’, ‘ಅಳ್ಳಕ’ ಸಾಕು ಅನ್ನಿಸುತ್ತದೆ. ಗಾಳಿಯಲ್ಲಿ ಈ ಒತ್ತು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಉಕ್ಕಿನ ಹಳಿಯಲ್ಲಿ 5000ಕ್ಕೂ ಜಾಸ್ತಿ. ಓಡುವುದು ಒತ್ತು, ಗಾಳಿಯಲ್ಲ. ಇಷ್ಟು ತಿಳಿದರೆ ಪಾಠ ಅರ್ಧ ಮುಗಿದ ಹಾಗೆ ಅಲ್ವಾ? (‘ಶಬ್ದ’ಕ್ಕೆ ‘ಪದ’ ಅನ್ನೋ ಅರ್ಥವೂ ಇದೆ, ‘ಸಪ್ಪಳ’ಕ್ಕೆ ಆ ಗೊಂದಲ ಇಲ್ಲ. ಅದು ಬೇರೆ ಜಗಳ, ಇವತ್ತು ಬೇಡ.)

ನಾನು ಸಿಕ್ಕಿಬಿದ್ದಿರೋದು ‘ಯಾಂತ್ರಿಕ’ಕ್ಕೆ ಬದಲಿ ಮಾತು ಹುಡುಕೋದರಲ್ಲೇ. ‘ಭೌತಿಕ ತರಂಗ’ ಅನ್ನೋಣ ಅಂದರೆ ಬೆಳಕೂ ಭೌತಿಕವೇ. ‘ದ್ರವ್ಯ ತರಂಗ’ ಚೆನ್ನಾಗಿತ್ತು, ಆದರೆ 1924ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಡಿ ಬ್ರಾಯ್ ಹೇಳಿದ, ಎಲೆಕ್ಟ್ರಾನಿನಂಥ ಕಣಕ್ಕೂ ಇರುವ ಅಲೆಗೆ ಆ ಹೆಸರು ಆಗಲೇ ಹೋಗಿದೆ. ‘ಆಸರೆಯಲೆ’ ಅಂತ ನಾನೇ ಒಂದು ಕಟ್ಟಿದೆ, ಜೋರಾಗಿ ಹೇಳಿ ನೋಡಿದರೆ ನನಗೇ ನಗು ಬಂತು. ‘ನೂಕಲೆ’ ಪರವಾಗಿಲ್ಲ, ಆದರೆ ಮೀಟಿದ ತಂತಿಯ ಮೇಲಿನ ಅಲೆಯೂ ಇದೇ ಜಾತಿಯದು. ಅಲ್ಲಿ ನೂಕೋದಕ್ಕಿಂತ ಎಳೆಯೋದೇ ಜಾಸ್ತಿ.

ನಿಮಗೆ ಬೇರೆ ಯಾವುದಾದರೂ ಹೊಳೆಯುತ್ತದಾ? ಹಾಗೇ, ‘ಅಳ್ಳಕ’ ನಿಮ್ಮ ಕಡೆ ಬಳಕೆಯಲ್ಲಿದೆಯಾ, ಇಲ್ಲಾ ಬರೀ ‘ಸಡಿಲ’ವಾ?