ಪದಚರ್ಚೆ: ಎಲೆ ‘ಬಾಡಿದೆ’, ‘ಸೊರಗಿದೆ’, ‘ಜೋತುಬಿದ್ದಿದೆ’ – ಎಲ್ಲಿ ಯಾವುದು?

ಪ್ರಶ್ನೆ:

ನಮಸ್ಕಾರ. ಮನೆಯೊಳಗೆ ಇಡುವ ಗಿಡಗಳ ಕುಂಡಕ್ಕೆ ಸಿಕ್ಕಿಸುವ ಆರೈಕೆ ಚೀಟಿಗಳನ್ನು ಕನ್ನಡದಲ್ಲಿ ಮಾಡುತ್ತಿದ್ದೇವೆ. ಮೊದಲನೆಯದು ಪೀಸ್ ಲಿಲ್ಲಿ. ಕರಡಿನಲ್ಲಿ ‘ಎಲೆ ಬಾಡಿದರೆ ನೀರು ಹಾಕಿ’ ಎಂದಿದೆ. ಆದರೆ ಈ ಗಿಡ ನೀರು ಸಾಲದಿದ್ದರೂ ಎಲೆ ಇಳಿಬಿಡುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತರೂ ಇಳಿಬಿಡುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ. ಎರಡನೆಯ ಸಂದರ್ಭದಲ್ಲಿ ಚೀಟಿಯ ಮಾತು ಕೇಳಿದರೆ ಗಿಡ ಉಳಿಯುವುದಿಲ್ಲ. ಬಾಡು, ಸೊರಗು, ಜೋಲು, ಕಮರು – ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ 1:

‘ಬಾಡು’ ಎಂಬುದರ ಸರಿಯಾದ ಅರ್ಥ ಅಡುಗೆಮನೆಯಲ್ಲಿದೆ. ಕಡುಬು ಕಟ್ಟುವ ಮೊದಲು ಬಾಳೆಲೆಯನ್ನು ಬೆಂಕಿಯ ಮೇಲೆ ಹಿಡಿದು ಬಾಡಿಸುತ್ತಾರೆ. ಬಾಡಿಸಿದ ಎಲೆ ಹಸಿರಾಗಿಯೇ ಇರುತ್ತದೆ, ಮಡಚಿದರೆ ಸೀಳುವುದಿಲ್ಲ. ಅದರ ಬಿಗಿ ಹೋಗಿದೆ, ಅಷ್ಟೇ. ಗಿಡದಲ್ಲೂ ಹೀಗೇ. ಜೀವಕೋಶಗಳಲ್ಲಿ ನೀರು ತುಂಬಿದ್ದರೆ ಎಲೆ ಸೆಟೆದು ನಿಲ್ಲುತ್ತದೆ, ಒಳಗಿನ ಒತ್ತಡ ಇಳಿದರೆ ಬಾಡುತ್ತದೆ. ಪೀಸ್ ಲಿಲ್ಲಿಗೆ ಗಟ್ಟಿ ಕಾಂಡವಿಲ್ಲ, ಉದ್ದನೆಯ ತೊಟ್ಟುಗಳು ಬುಡದಿಂದಲೇ ಏಳುತ್ತವೆ. ಹಾಗಾಗಿ ಒತ್ತಡ ಇಳಿದರೆ ಒಂದೆರಡು ಎಲೆಯಲ್ಲ, ಇಡೀ ಗಿಡವೇ ಕುಂಡದ ಅಂಚಿನ ಮೇಲೆ ಮಲಗಿಬಿಡುತ್ತದೆ.

‘ಸೊರಗು’ ದಿನಗಳೆದಂತೆ ಆಗುವಂಥದ್ದು. ಹುಡುಗ ಸೊರಗಿದ್ದಾನೆ ಎಂದರೆ ಇವತ್ತು ಊಟ ಮಾಡಿಲ್ಲ ಎಂದಲ್ಲ, ಒಳಗೆ ಏನೋ ಇದೆ ಎಂದು. ಕಾಳುಮೆಣಸಿನ ಸೊರಗು ರೋಗ ಎಂಬ ಹೆಸರು ಬಂದದ್ದೂ ಹಾಗೇ. ಅದರಲ್ಲಿ ಶೀಘ್ರ ಸೊರಗು ರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ರೋಗಾಣು. ಮಲೆನಾಡು, ಕೊಡಗಿನಲ್ಲಿ ಅದು ಹಬ್ಬುವುದು ಮಳೆಗಾಲದಲ್ಲಿ, ಬುಡ ಒದ್ದೆಯಾಗಿರುವಾಗಲೇ. ಬಳ್ಳಿಯ ಎಲೆ ಇಳಿಬಿದ್ದಿದೆ ಎಂದು ಅಲ್ಲಿ ಯಾರೂ ಕೊಡ ಹಿಡಿದು ಓಡುವುದಿಲ್ಲ. ಕಲಬುರಗಿ ಕಡೆ ತೊಗರಿಯ ಇಂಥ ರೋಗಕ್ಕೆ ‘ನೆಟೆ ರೋಗ’ ಎನ್ನುತ್ತಾರೆ. ಅದು ಫ್ಯುಸೇರಿಯಂ ಶಿಲೀಂಧ್ರದ್ದು, ನೀರು ಸಾಗಿಸುವ ನಾಳಗಳನ್ನೇ ಮುಚ್ಚಿಹಾಕುತ್ತದೆ. ಆದ್ದರಿಂದ ಬೇರಿನ ತೊಂದರೆಗೆ ‘ಸೊರಗು’ ಸರಿಹೊಂದುತ್ತದೆ.

‘ಜೋಲು’, ‘ಜೋತುಬೀಳು’ ಕಾರಣವನ್ನು ಹೇಳುವುದೇ ಇಲ್ಲ, ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳುತ್ತವೆ. ಚೀಟಿಯ ಮೊದಲ ಸಾಲಿಗೆ ಬೇಕಾದದ್ದು ಇದೇ. ‘ಕಮರು’ ಬಿಸಿಲು, ಬೆಂಕಿಯ ಪದ, ಅಂಚು ಸುಟ್ಟು ಕಂದು ಬಣ್ಣವಾದಾಗ ಮಾತ್ರ.

ತಲೆಬರಹವಾಗಿ ‘ಬಾಡು’ ಎಂದಷ್ಟೇ ಬರೆಯಬೇಡಿ. ಹಳೇ ಮೈಸೂರಿನ ಕಡೆಯವರಿಗೆ ಗಿಡದ ಬದಲು ಮಾಂಸದೂಟ ನೆನಪಾಗುತ್ತದೆ.

ಉತ್ತರ 2:

ಪದಗಳು ಒಪ್ಪಿಗೆ. ಆದರೆ ಬಾಡಿದ್ದೋ ಸೊರಗಿದ್ದೋ ಎಂದು ಓದುಗರು ಪತ್ತೆಮಾಡುವುದು ಹೇಗೆ ಎಂಬುದನ್ನೂ ಚೀಟಿಯೇ ಹೇಳಬೇಕು. ಎಲೆ ನೋಡಿದರೆ ತಿಳಿಯದು, ಕುಂಡ ಎತ್ತಿದರೆ ತಿಳಿಯುತ್ತದೆ. ಹಗುರಾಗಿದ್ದು, ಬೆರಳನ್ನು ಎರಡು ಅಂಗುಲ ಇಳಿಸಿದರೂ ತೇವ ತಾಗದಿದ್ದರೆ ಅದು ಬಾಡಿದ್ದು. ಭಾರವಾಗಿದ್ದು, ಮಣ್ಣು ಬೆರಳಿಗೆ ಮೆತ್ತಿಕೊಂಡರೆ ಸೊರಗಿದ್ದು.

ಬಾಡಿದ್ದಕ್ಕೆ ನೀರೇ ಮದ್ದು, ಆದರೆ ಒಂದು ತೊಡಕಿದೆ. ನರ್ಸರಿ ಕುಂಡಗಳಲ್ಲಿ ಈಗ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚು. ಅದು ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆ ಬಿಡುತ್ತದೆ. ಮೇಲಿಂದ ಹಾಕಿದ ನೀರು ಆ ಸಂದಿಯಲ್ಲಿ ಜಾರಿ ತಟ್ಟೆಗೆ ಬೀಳುತ್ತದೆ. ತಟ್ಟೆ ತುಂಬಿತು, ಗಿಡ ಕುಡಿಯಿತು ಎಂದುಕೊಂಡರೆ ಬೇರಿನ ಉಂಡೆ ಒಳಗೆ ಒಣಗಿಯೇ ಇರುತ್ತದೆ. ಬಕೆಟ್‌ನಲ್ಲಿ ಕುಂಡದ ಅರ್ಧದಷ್ಟು ಎತ್ತರಕ್ಕೆ ನೀರು ಹಿಡಿದು, 20ರಿಂದ 30 ನಿಮಿಷ ಅದರಲ್ಲಿ ಇಡಬೇಕು. ಮೇಲ್ಮೈ ತೇವವಾದ ಮೇಲೆ ಎತ್ತಿ ಪೂರ್ತಿ ಬಸಿಯಬಿಡಬೇಕು. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ತೊಟ್ಟುಗಳು ಏಳುತ್ತವೆ. ಮರುದಿನ ಬೆಳಗಾದರೂ ಏಳದಿದ್ದರೆ ಬೇರು ನೋಡಿ.

ಸೊರಗಿದ್ದರಲ್ಲಿ ನೀರಿದ್ದೂ ಗಿಡ ಕುಡಿಯಲಾರದು. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಬೇರು ಉಸಿರುಕಟ್ಟಿ ಸಾಯುತ್ತದೆ, ಆಮೇಲೆ ಕೊಳೆಸುವ ಶಿಲೀಂಧ್ರಗಳು ಸೇರಿಕೊಳ್ಳುತ್ತವೆ. ಹೆಚ್ಚಿನ ಸಲ ಇದರ ಮೂಲ ಅಲಂಕಾರಕ್ಕೆ ಇಟ್ಟ ತೂತಿಲ್ಲದ ಹೊರಕುಂಡ. ಒಳಕುಂಡ ಎತ್ತಿ ನೋಡಿದರೆ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿರುತ್ತದೆ. ಗಿಡವನ್ನು ಉಂಡೆಸಮೇತ ಹೊರತೆಗೆದು ಬೇರು ತೊಳೆಯಿರಿ. ಒಳ್ಳೆಯ ಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕೊಳೆತದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಗಿನ ಕಂದು ಸಿಪ್ಪೆ ಕಳಚಿ ಕೈಗೆ ಬರುತ್ತದೆ, ನಡುವಿನ ದಾರದಂಥ ನಾರು ಮಾತ್ರ ಉಳಿಯುತ್ತದೆ. ಅವನ್ನೆಲ್ಲ ಶುದ್ಧ ಕತ್ತರಿಯಿಂದ ಕತ್ತರಿಸಿ. ಎರಡು ಪಾಲು ಕೋಕೋಪೀಟ್, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಹರಳು), ಒಂದು ಪಾಲು ಎರೆಗೊಬ್ಬರ ಬೆರೆಸಿ, ಉಳಿದ ಬೇರು ಹಿಡಿಸುವಷ್ಟೇ ಚಿಕ್ಕ ಕುಂಡಕ್ಕೆ ಹಾಕಿ. ದೊಡ್ಡ ಕುಂಡದಲ್ಲಿ ಬೇರು ತಲುಪದ ಕಡೆ ನೀರು ನಿಂತು ಮತ್ತೆ ಅದೇ ಕಥೆ. ಬೇರು ಕಡಿಮೆಯಾದಷ್ಟು ಹಳೆಯ ಎಲೆಗಳನ್ನೂ ಬುಡದಿಂದ ತೆಗೆದರೆ ಹೊರೆ ತಗ್ಗುತ್ತದೆ. ಗೊಬ್ಬರದ ನೀರು ಮಾತ್ರ ಹೊಸ ಎಲೆ ಬರುವವರೆಗೆ ಬೇಡವೇ ಬೇಡ.

ಹೆಸರಲ್ಲಿ ಲಿಲ್ಲಿ ಇದ್ದರೂ ಇದು ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದು. ರಸ ತಾಗಿದರೆ ತುರಿಕೆ, ಕೈಗವಸು ಹಾಕಿಕೊಳ್ಳಿ ಎಂದೂ ಚೀಟಿಯಲ್ಲಿರಲಿ. ಮಕ್ಕಳು, ಬೆಕ್ಕು ಎಲೆ ಕಚ್ಚಿದರೆ ಬಾಯಿ ಉರಿಯುತ್ತದೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದ. ಎರಡು ಸಂದೇಹ ಉಳಿದಿವೆ. ಮಣ್ಣು ಹದವಾಗಿಯೇ ಇದ್ದು ಎಲೆ ಇಳಿದರೆ? ಹೊರಸುತ್ತಿನ ಎಲೆಗಳು ಹಳದಿಯಾಗಿ ಜೋತುಬಿದ್ದರೆ?

ಉತ್ತರ 2:

ಮೊದಲನೆಯದಕ್ಕೆ ಗಿಡ ಇಟ್ಟ ಜಾಗ ನೋಡಿ. ಎ.ಸಿ. ಗಾಳಿ ನೇರವಾಗಿ ಬೀಳುತ್ತಿದೆಯೇ, ಕಿಟಕಿಯ ಮಧ್ಯಾಹ್ನದ ಬಿಸಿಲು ತಾಗುತ್ತಿದೆಯೇ? ಬಿಸಿಲಿಗೆ ಇಳಿದದ್ದು ಸಂಜೆಗೆ ತಾನೇ ಏಳುತ್ತದೆ, ಜಾಗ ಬದಲಿಸಿದರೆ ಸಾಕು. ಎಲೆಯ ತುದಿ ಕಂದಾಗಿ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಗೊಬ್ಬರದ ಉಪ್ಪು ಹೆಚ್ಚಾಗಿದೆ. ಕುಂಡದ ಮೂರು ಪಟ್ಟು ನೀರನ್ನು ನಿಧಾನವಾಗಿ ಹೊಯ್ದು ತಳದಿಂದ ಹರಿದುಹೋಗಲು ಬಿಡಿ.

ಉತ್ತರ 1:

ಎರಡನೆಯದು ರೋಗವಲ್ಲ, ಹಣ್ಣೆಲೆ. ಒಳಗಿನ ಚಿಗುರು ನೆಟ್ಟಗಿದ್ದರೆ ಹಣ್ಣೆಲೆಯನ್ನು ಕಿತ್ತುಹಾಕಿದರಾಯಿತು. ಚೀಟಿಯಲ್ಲೂ ‘ಹಣ್ಣೆಲೆ’ ಎಂದೇ ಬರೆಯಿರಿ, ‘ಹಳದಿ ಬಣ್ಣಕ್ಕೆ ತಿರುಗಿದ ಹಳೆಯ ಎಲೆ’ ಎಂದು ಜಾಗ ತಿನ್ನಿಸುವುದು ಬೇಡ. ಹಾಗೆಯೇ ‘ಚೆನ್ನಾಗಿ ನೀರು ಹಾಕಿ’ ಎಂದೂ ಬರೆಯಬೇಡಿ. ಎಷ್ಟು ಹಾಕಿದರೆ ಚೆನ್ನಾಗಿ ಎಂದು ಒಬ್ಬೊಬ್ಬರು ಒಂದೊಂದು ಲೆಕ್ಕ ಹಿಡಿಯುತ್ತಾರೆ. ನನ್ನ ಸಲಹೆ ಇಷ್ಟು: ‘ಎಲೆ ಜೋತುಬಿದ್ದರೆ ಮೊದಲು ಕುಂಡ ಎತ್ತಿ ನೋಡಿ. ಹಗುರವಾಗಿದ್ದರೆ ಗಿಡ ಬಾಡಿದೆ: ತಳದ ತೂತಿನಿಂದ ಇಳಿಯುವವರೆಗೆ ನೀರು ಹಾಕಿ, ಮೇಲಿನ ಮಣ್ಣು ಒದ್ದೆಯಾಗದಿದ್ದರೆ ಬಕೆಟ್‌ನಲ್ಲಿ ನೆನೆಸಿ. ಭಾರವಾಗಿದ್ದರೆ ಗಿಡ ಸೊರಗಿದೆ: ನೀರು ನಿಲ್ಲಿಸಿ, ಬೇರು ನೋಡಿ.’