ಕ್ರಿಸ್‌ಮಸ್ ಕಾರ್ಡ್ ಕೈಯಲ್ಲೇ ಮಾಡೋದು: ಸ್ಟ್ಯಾಂಪ್, ಡೈ ಕಟ್ ಬಳಸಿದವರು ಹೇಳಿ

ಪಿ.ಜೆ. ಬಡಾವಣೆ, ದಾವಣಗೆರೆ:
ಈ ಸಲ ಚರ್ಚಿನವರಿಗೆ, ಆಫೀಸಿನವರಿಗೆ, ದೂರದ ನೆಂಟರಿಗೆ ಎಲ್ಲಾ ಸೇರಿ ನಲವತ್ತು ಕಾರ್ಡ್ ನಾನೇ ಮಾಡಬೇಕು ಅಂತಿದ್ದೇನೆ. ಕ್ಲಿಯರ್ ಸ್ಟ್ಯಾಂಪಿನ (ಇಂಕು ಹಚ್ಚಿ ಒತ್ತುವ ಪಾರದರ್ಶಕ ಅಚ್ಚು) ಒಂದು ಸೆಟ್ ತಂದಾಗಿದೆ. ಪೇಪರ್ ಯಾವುದು ತಗೊಳ್ಳಲಿ? ಇಂಕು ಹರಡದ ಹಾಗೆ ಏನು ಮಾಡಬೇಕು? ಡೈ ಅನ್ನೋ ಲೋಹದ ಅಚ್ಚಿಂದ ಪೇಪರನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಡೈ ಕಟಿಂಗ್ ಮಷೀನ್ ಬೇಕೇ ಬೇಕಾ?

ವಿದ್ಯಾನಗರ, ದಾವಣಗೆರೆ:
ಅಕ್ಕಾ, ಮೊದಲು ಪೇಪರ್. ಆನ್‌ಲೈನಲ್ಲಿ ಸಣ್ಣ ಪ್ಯಾಕ್ ದುಬಾರಿ. ಲಗ್ನಪತ್ರಿಕೆ ಪ್ರಿಂಟ್ ಮಾಡುವ ಪ್ರೆಸ್ಸಿಗೆ ಹೋಗಿ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಬೋರ್ಡ್ ಕೇಳಿ. ನಮ್ಮೂರಲ್ಲಿ ಅಂಥ ಪ್ರೆಸ್ಸಿಗೆ ಬರ ಇಲ್ಲ. ನಿಮ್ಮ ಅಳತೆಗೆ ಕತ್ತರಿಸಿ, ಮಡಿಸುವ ಕಡೆ ಕ್ರೀಸಿಂಗ್ (ಒತ್ತಿದ ಗೆರೆ) ಕೂಡ ಹಾಕಿ ಕೊಡ್ತಾರಾ ಕೇಳಿ, ಕೈಯಲ್ಲಿ ಮಡಿಸಿದರೆ ದಪ್ಪ ಬೋರ್ಡಿನ ಅಂಚು ಬಿರಿಯುತ್ತದೆ. ಉಳಿದಿರುವ ಕವರ್‌ಗಳೂ ಅಲ್ಲೇ ಸಿಗಬಹುದು, ಕವರ್ ನೋಡಿಕೊಂಡು ಕಾರ್ಡಿನ ಅಳತೆ ಇಟ್ಟುಕೊಂಡರೆ ಎಷ್ಟೋ ಕೆಲಸ ಉಳಿಯುತ್ತದೆ. ಆದರೆ ಹೊಳೆಯುವ ಆರ್ಟ್ ಕಾರ್ಡ್ ಬೇಡವೇ ಬೇಡ. ಅದರ ಮೇಲೆ ಇಂಕು ಇಂಗುವುದಿಲ್ಲ, ಬೆರಳು ತಾಗಿದರೆ ಸಾಕು, ಉಜ್ಜಿಕೊಂಡು ಬರುತ್ತದೆ. ಹೊಳಪಿಲ್ಲದ್ದೇ ಆಗಬೇಕು.

ಹೊಸ ಕ್ಲಿಯರ್ ಸ್ಟ್ಯಾಂಪಿನ ಮೇಲೆ ಇಂಕು ಸಮನಾಗಿ ಕೂರದೆ ಹನಿಹನಿಯಾಗಿ ನಿಲ್ಲುತ್ತದೆ, ಗಮನಿಸಿ ನೋಡಿ. ಪೆನ್ಸಿಲ್ ರಬ್ಬರಿಂದ ಮೇಲ್ಮೈಯನ್ನು ಹಗುರವಾಗಿ ಉಜ್ಜಿ ಒರೆಸಿದರೆ ಸರಿಹೋಗುತ್ತದೆ. ಸ್ಟ್ಯಾಂಪನ್ನು ಇಂಕ್ ಪ್ಯಾಡಿಗೆ ಒತ್ತಬೇಡಿ, ಪ್ಯಾಡನ್ನೇ ಮೇಲಿಂದ ಸ್ಟ್ಯಾಂಪಿಗೆ ತಟ್ಟಿ. ಕಾರ್ಡಿನ ಕೆಳಗೆ ಹಳೇ ಮೌಸ್ ಪ್ಯಾಡ್ ಇಟ್ಟುಕೊಂಡು ನೇರವಾಗಿ ಒತ್ತಿ, ನೇರವಾಗಿ ಎತ್ತಿ. ಅಲ್ಲಾಡಿಸಿದಿರೋ, ಅಂಚಿನಲ್ಲಿ ನೆರಳು ಬಿತ್ತು ಅಂತಲೇ ಲೆಕ್ಕ.

ಬಂಗಾರದ ಬಣ್ಣದ ಉಬ್ಬು ಅಕ್ಷರ ಬೇಕಾದರೆ ಪಿಗ್ಮೆಂಟ್ ಇಂಕು ತಗೊಳ್ಳಿ. ಅದು ನಿಧಾನಕ್ಕೆ ಒಣಗುತ್ತದೆ, ಬಿಸಿಗೆ ಕರಗಿ ಉಬ್ಬುವ ಎಂಬಾಸಿಂಗ್ ಪುಡಿ ಅಂಟುವುದೇ ಆ ಹಸಿಗೆ. ಕರಗಿಸಲು ಹೀಟ್ ಗನ್ನೇ ಬೇಕು. ಹೇರ್ ಡ್ರೈಯರ್ ಗಾಳಿಗೆ ಪುಡಿ ಹಾರಿಹೋಗುತ್ತದೆ, ಬಿಸಿಯೂ ಸಾಲದು.

ಚಿತ್ರದುರ್ಗ:
ನನ್ನ ಹತ್ತಿರ ಕೈಯಲ್ಲಿ ತಿರುಗಿಸುವ ಮಷೀನ್ ಇದೆ, ತುಂಬಾ ಇಷ್ಟಪಟ್ಟು ಬಳಸುತ್ತೇನೆ. ಆದರೂ ಈ ವರ್ಷಕ್ಕೇ ತಗೊಳ್ಳಿ ಅಂತ ಹೇಳಲ್ಲ. ನಕ್ಷತ್ರ, ಹಿಮದ ಹರಳು ಇಷ್ಟೇ ಸಾಕಾದರೆ ಪೇಪರ್ ಪಂಚ್ ಇದೆಯಲ್ವಾ, ಅದರಲ್ಲೇ ಆಗುತ್ತದೆ. ಗೋದಲಿ, ಜಾಲರಿ ಥರದ ಸೂಕ್ಷ್ಮ ವಿನ್ಯಾಸ ಬೇಕೆಂದರೆ ಮಾತ್ರ ಡೈ.

ತಗೊಂಡರೆ ಇಷ್ಟು ನೆನಪಿಡಿ. ಡೈನ ಚೂಪು ಅಂಚು ಪೇಪರ್ ಕಡೆಗೇ ಇರಬೇಕು. ಡೈ ಜರುಗದ ಹಾಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಜಾಲರಿ ಡೈ ಆದರೆ ಪೇಪರಿಗೂ ಡೈಗೂ ನಡುವೆ ಮೇಣದ ಕಾಗದದ ಚೂರು ಇಡಿ, ಇಲ್ಲದಿದ್ದರೆ ಕತ್ತರಿಸಿದ ಪೇಪರ್ ಒಳಗೇ ಸಿಕ್ಕಿಕೊಂಡು ಸೂಜಿಯಲ್ಲಿ ಒಂದೊಂದೇ ಎಳೆ ಬಿಡಿಸುತ್ತಾ ಕೂರಬೇಕಾಗುತ್ತದೆ. ಡೈ, ಪೇಪರ್ ನಡುವೆ ಇಟ್ಟು ಮಷೀನಿಗೆ ತೂರಿಸುವ ಪ್ಲಾಸ್ಟಿಕ್ ಪ್ಲೇಟ್ ಬಾಗುತ್ತಾ ಹೋಗುತ್ತದೆ, ಪ್ರತಿ ಸಲ ಮಗುಚಿ ಹಾಕಿ. ಒಂದು ಮೂಲೆ ಕತ್ತರಿಸದೇ ಉಳಿದರೆ ಪ್ಲೇಟಿನ ಕೆಳಗೆ ಅಲ್ಲಿಗೆ ಮಾತ್ರ ತೆಳು ಹಾಳೆಯೊಂದನ್ನು ಸೇರಿಸಿದರೆ ಸಾಕು.

ನಿಟ್ಟುವಳ್ಳಿ, ದಾವಣಗೆರೆ:
ಇವರಿಬ್ಬರೂ ಹೇಳದ ಒಂದು ವಿಷಯ ಇದೆ. ಸೆಟ್‌ಗಳಲ್ಲಿ ಬರುವ ಶುಭಾಶಯ ಹೆಚ್ಚಾಗಿ ಇಂಗ್ಲಿಷೇ. ಆಫೀಸ್ ಸೀಲ್ ಮಾಡಿಕೊಡುವ ಅಂಗಡಿಯಲ್ಲಿ 'ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು' ಅಂತ ಕನ್ನಡದಲ್ಲೇ ಮಾಡಿಸಿ. ನಮ್ಮನೆಯಲ್ಲಿ ಹಾಗೇ ಮಾಡಿಸಿದ್ದು. ಕಾರ್ಡ್ ತೆರೆದ ಕೂಡಲೇ ಅಜ್ಜಿ ಜೋರಾಗಿ ಓದಿದರು, ಅದಕ್ಕಿಂತ ಇನ್ನೇನು ಬೇಕು. ಒಳಗೇ ಇಂಕಿರುವ ಸೀಲ್ ಬೇಡ, ಮರದ ಹಿಡಿಯದ್ದು ಕೇಳಿ, ಆಗ ಬೇಕಾದ ಬಣ್ಣ ಹಾಕಬಹುದು. ಅಕ್ಷರ ಸ್ವಲ್ಪ ದೊಡ್ಡದೇ ಇರಲಿ. ತೀರಾ ಚಿಕ್ಕದಾದರೆ 'ಬ್ಬ' ಒತ್ತಿನ ಹೊಟ್ಟೆಯಲ್ಲಿ ಇಂಕು ತುಂಬಿ ಬರೀ ಚುಕ್ಕೆ ಕಾಣುತ್ತದೆ.

ಇನ್ನು ಅಂಚೆಗೆ ಹಾಕುವ ಕಾರ್ಡ್. 250 ಜಿಎಸ್‌ಎಂನ ಇಡೀ ಎ4 ಹಾಳೆಯೇ ಸುಮಾರು 15.6 ಗ್ರಾಂ. ಅದನ್ನು ಮಡಿಸಿ ಡೈ ಕಟ್, ಫೋಮ್ ಟೇಪ್ ಅಂಟಿಸಿ ಕವರಿಗೆ ಹಾಕಿದರೆ ಅಂಚೆಯ ಮೊದಲ ದರದ ಮಿತಿಯಾದ 20 ಗ್ರಾಂ ದಾಟಿ ಮುಂದಿನ ದರಕ್ಕೆ ಹೋಗುತ್ತದೆ. ಅರ್ಧ ಎ4 ಮಡಿಸಿದ ಕಾರ್ಡಾದರೆ ಆರಾಮಾಗಿ ಒಳಗೇ ಬರುತ್ತದೆ. ನೆಂಟರಿಗೆ ಕಳಿಸುವವನ್ನೆಲ್ಲ ಆ ಅಳತೆಯಲ್ಲೇ ಮಾಡಿ, ಉಬ್ಬಿಸುವ ಅಲಂಕಾರ ಕೈಗೇ ಕೊಡುವ ಕಾರ್ಡುಗಳಿಗಿರಲಿ.