ಸೌಂಡಿಂಗ್ ರಾಕೆಟ್‌ನಲ್ಲಿ 'ಸೌಂಡ್' ಎಲ್ಲಿಂದ ಬಂತು?

ಪ್ರಶ್ನೆ:
ವಾತಾವರಣ ಅಳೆಯಲು ಉಪಕರಣ ಹೊತ್ತು ಮೇಲೇರುವ 'ಸೌಂಡಿಂಗ್ ರಾಕೆಟ್' ಅನ್ನು 'ಶಬ್ದ ರಾಕೆಟ್' ಎಂದು ಅನುವಾದಿಸಿದರೆ ಅರ್ಥವೇ ಕೂಡುವುದಿಲ್ಲ. 'ಸೌಂಡ್ ಸ್ಲೀಪ್', 'ಸೌಂಡ್ ಅಡ್ವೈಸ್'ಗಳಲ್ಲೂ ಸದ್ದಿನ ಸುಳಿವಿಲ್ಲ. ಒಂದೇ ಪದಕ್ಕೆ ಇಷ್ಟು ಅರ್ಥ ಹೇಗೆ?

ಉತ್ತರ 1:
ಅದು ಒಂದು ಪದವಲ್ಲ, ನಾಲ್ಕು. ನಮ್ಮ 'ಹತ್ತು' ಸಂಖ್ಯೆಯೂ ಹೌದು, ಮೆಟ್ಟಿಲು ಹತ್ತುವುದೂ ಹೌದಲ್ಲ, ಹಾಗೆ.

ಸದ್ದಿನ ಸೌಂಡ್ ಲ್ಯಾಟಿನ್ನಿನ 'ಸೋನುಸ್'. ಫ್ರೆಂಚ್ ದಾರಿಯಲ್ಲಿ 'ಸೂನ್' ಆಗಿ ಇಂಗ್ಲಿಷಿಗೆ ಬಂತು. ಕೊನೆಯ 'ಡ್' ಮೂಲದಲ್ಲಿ ಇರಲೇ ಇಲ್ಲ! 'ನ್' ಮುಗಿಯುವ ಮೊದಲೇ ಮೂಗಿನ ದಾರಿ ಮುಚ್ಚಿದರೆ, ನಾಲಿಗೆ ಬಿಡುವಾಗ 'ಡ್' ತಾನಾಗಿ ಹುಟ್ಟುತ್ತದೆ. ಸುಮಾರು 15ನೇ ಶತಮಾನದಿಂದ ಅದು ಬರಹಕ್ಕೂ ಇಳಿಯಿತು. ಕುಟ್ಟುವ ಅರ್ಥದ 'ಪೌಂಡ್'ಗೂ 'ಡ್' ಅಂಟಿದ್ದು ಹೀಗೆಯೇ.

ಗಟ್ಟಿ, ಆರೋಗ್ಯವಂತ ಎನ್ನುವ ಸೌಂಡ್ ಹಳೆಯ ಇಂಗ್ಲಿಷಿನ 'ಗೆಸುಂಡ್'. ಜರ್ಮನ್ನಿನಲ್ಲಿ ಇಂದಿಗೂ 'ಗೆಜುಂಟ್' ಅಂದರೆ ಆರೋಗ್ಯವಂತ. ಗಾಢ ನಿದ್ದೆ, ಸರಿಯಾದ ಸಲಹೆ ಎರಡೂ ಇದರ ಮಕ್ಕಳು. ಜಲಸಂಧಿಯ ಸೌಂಡ್ ಹಳೆಯ ನಾರ್ಸ್ ಭಾಷೆಯ 'ಸುಂಡ್'; ಈಜು ಎಂಬ ಅರ್ಥವೂ ಅದಕ್ಕಿತ್ತು. ನಾಲ್ಕನೆಯದು ಆಳ ನೋಡುವುದು, ಫ್ರೆಂಚಿನಿಂದ ಬಂದದ್ದು. ನಿಮ್ಮ ರಾಕೆಟ್ ಈ ಮನೆತನದ್ದು.

ಉತ್ತರ 2:
ನಾಲ್ಕನೆಯದಕ್ಕೆ ಸೇರಿಸುತ್ತೇನೆ. ಹಡಗಿನವರು 7ರಿಂದ 14 ಪೌಂಡ್ ತೂಕದ ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ಆಳದ ಲೆಕ್ಕ ಫ್ಯಾದಮ್‌ನಲ್ಲಿ, ಅಂದರೆ 6 ಅಡಿಗೊಂದು. ಗುಂಡಿನ ತಳದ ಗುಳಿಗೆ ಪ್ರಾಣಿಕೊಬ್ಬು ಮೆತ್ತಿದರೆ ಮರಳು, ಕೆಸರು, ಚಿಪ್ಪು ಅಂಟಿಕೊಂಡು ಬರುತ್ತಿತ್ತು. ಏನೂ ಅಂಟದಿದ್ದರೆ ಕೆಳಗೆ ಬಂಡೆ ಇರಬಹುದೆಂಬ ಊಹೆ. ಹಡಗು ಸಾಗುತ್ತಿದ್ದರೆ ಹಗ್ಗ ಓರೆಯಾಗಿ ಆಳ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ, ಅದನ್ನು ನಂಬಿದರೆ ಹಡಗು ನೆಲ ಕಚ್ಚುತ್ತದೆ. ಅದಕ್ಕೇ ಗುಂಡನ್ನು ಮುಂದಕ್ಕೆ ಎಸೆದು, ಹಗ್ಗ ನೆಟ್ಟಗಾದ ಕ್ಷಣದಲ್ಲಿ ಅದರ ಮೇಲಿನ ಆಳದ ಗುರುತು ಓದಬೇಕು.

ಸಮುದ್ರದ ಆಳಕ್ಕೆ ಗುಂಡು ಇಳಿಸಿದಂತೆ ವಾತಾವರಣದ ಎತ್ತರಕ್ಕೆ ಉಪಕರಣ ಏರಿಸುವುದು ಸೌಂಡಿಂಗ್ ರಾಕೆಟ್. ಒಬ್ಬರ ಮನಸ್ಸಿನ ಆಳ ನೋಡುವುದು 'ಸೌಂಡ್ ಔಟ್'.

ಪ್ರಶ್ನೆ ಕೇಳಿದವರು:
ಹಾಗಾದರೆ ಹಡಗಿನಿಂದ ಸದ್ದು ಕಳಿಸಿ, ತಳದಿಂದ ಬರುವ ಪ್ರತಿಧ್ವನಿಯಿಂದ ಆಳ ಅಳೆಯುವ 'ಎಕೋ ಸೌಂಡಿಂಗ್'? ಅಲ್ಲಿ ಸದ್ದು ಇದೆಯಲ್ಲ?

ಉತ್ತರ 2:
ಸದ್ದು 'ಎಕೋ'ದಲ್ಲಿದೆ, 'ಸೌಂಡಿಂಗ್' ಅಲ್ಲೂ ಆಳವೇ. ಸಮುದ್ರದ ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಪ್ರತಿಧ್ವನಿ 2 ಸೆಕೆಂಡಿಗೆ ಮರಳಿದರೆ ಆಳ 1500 ಮೀಟರ್. ಹೋಗಿ ಬರುವ ದಾರಿಯಾದ್ದರಿಂದ ಅರ್ಧ ಮಾಡಲು ಮರೆಯಬಾರದು.

ಉತ್ತರ 1:
ಅನುವಾದಕ್ಕೆ 'ವಾತಾವರಣ ಶೋಧಕ ರಾಕೆಟ್' ಎಂದರೆ ಓದುಗರಿಗೆ ಕೂಡಲೇ ತಿಳಿಯುತ್ತದೆ. ನಿಘಂಟು ನೋಡುವಾಗ ಪದದ ಹೆಗಲ ಮೇಲಿನ ಪುಟ್ಟ 1, 2, 3 ಅಂಕಿ ಬಿಡಬೇಡಿ. ಅಂಕಿ ಬದಲಾದರೆ ಪದವೇ ಬೇರೆ. ಒಂದೇ ಅಂಕಿಯ ಕೆಳಗಿನ ಸಾಲುಗಳು ಮಾತ್ರ ಒಂದೇ ಪದದ ಅರ್ಥಗಳು.